ಸ್ವಲ್ಪ ತಳ್ತೀರಾ ಸಾರ್?

ಮೇಷ್ಟ್ರೇ, ನಿಮ್ಮ ಮೊಮ್ಮಗ ಕೇಳಿದ ಪ್ರಶ್ನೆಗೆ ಬೆಳಗ್ಗೆಯಿಂದ ನನಗೆ ನಗು ತಡೆಯಲಾಗುತ್ತಿಲ್ಲ. ಬೇಲಿ ಪಕ್ಕದ ತೊಂಡೆ ಚಪ್ಪರಕ್ಕೆ ಊರೆಗೋಲಾಗಿ ನೆಟ್ಟಿದ್ದೆನಲ್ಲ ಕಬ್ಬಿಣದ ಸೊಟ್ಟ ಸಲಾಕೆ, ಅದನ್ನು ಕಿತ್ತುಕೊಂಡು ಬಂದು, 'ತಾತ, ಇದು ಯಾವ ಬಾಗಿಲಿನ ಕೀ?' ಅಂದ. ಹತ್ತಿರಹತ್ತಿರ ಎರಡು ಮೊಳ ಉದ್ದ, ಎರಡು ಕಡೆ ಬಾಗಿದೆ. ಕೀಲಿಕೈಯೇ ಇಷ್ಟಿದ್ದರೆ ಬೀಗ ಎಷ್ಟಿರಬೇಡ ಅಂತ ಪಾಪ ಅವನೂ ಯೋಚಿಸಿರಬೇಕು. ಕಾರಿನದು ಕಣಪ್ಪ, ಕಾರು ಸ್ಟಾರ್ಟ್ ಮಾಡೋದು ಅಂದೆ. ನಿಮ್ಮ ಹೊಸ ಕಾರಿನ ಕಡೆ ನೋಡಿದ, ನನ್ನ ಕಡೆ ನೋಡಿದ, 'ಇದನ್ನ ಎಲ್ಲಿ ಚುಚ್ಚಿ ಚಾರ್ಜ್ ಮಾಡೋದು?' ಅಂದ. ಸಲಾಕೆ ಅವನ ಕೈಗೆ ಹೋಯಿತು, ಚಪ್ಪರದ ಒಂದು ಮೂಲೆ ವಾಲಿಕೊಂಡಿತು. ಇರಲಿ ಬಿಡಿ, ತೊಂಡೆಕಾಯಿಗೇನು ಅವಸರ.

ಹುಡುಗನ ತಪ್ಪಲ್ಲ. ನಿಮ್ಮ ಕಾರು ಗೇಟು ದಾಟಿದ್ದೇ ನಮಗೆ ತಿಳಿಯುವುದಿಲ್ಲ. ಹಾಲು ಕುಡಿದ ಬೆಕ್ಕಿನ ಹಾಗೆ ಸದ್ದಿಲ್ಲದೆ ಜಾರಿಬಿಡುತ್ತದೆ. ನಮ್ಮ ಕಾಲದಲ್ಲಿ ಕಾರು ಹೊರಡುವುದೆಂದರೆ ದಿಬ್ಬಣ ಹೊರಟ ಹಾಗೆ, ಮೂರು ಬೀದಿಗೆ ಗೊತ್ತಾಗಬೇಕಿತ್ತು, ಅಲ್ವಾ?

ಅದು ಸ್ಟಾರ್ಟಿಂಗ್ ಹ್ಯಾಂಡಲ್. ಬ್ಯಾಟರಿ ಕೈಕೊಟ್ಟ ದಿನ ಅದೇ ಗತಿ. ಕಾರಿನ ಮುಂದುಗಡೆ ತೂತಿನಲ್ಲಿ ತೂರಿಸಬೇಕು. ಒಳಗಿನ ಹಲ್ಲಿಗೆ ಸಿಕ್ಕಿತೋ ಇಲ್ಲವೋ ಎಂದು ಕತ್ತಲಲ್ಲಿ ಬೀಗ ಹುಡುಕಿದಂತೆ ತಡಕಬೇಕು. ಸಿಕ್ಕಿದ ಮೇಲೆ ಕೆಳಗಿನಿಂದ ಮೇಲಕ್ಕೆ ಒಂದೇ ಎಳೆತ. ಮೇಲಿನಿಂದ ಕೆಳಕ್ಕೆ ಒತ್ತುವ ಹಾಗಿಲ್ಲ. ಹೆಬ್ಬೆರಳನ್ನು ಹಿಡಿಯ ಸುತ್ತ ಸುತ್ತುವ ಹಾಗೂ ಇಲ್ಲ. ಉಳಿದ ನಾಲ್ಕು ಬೆರಳಿನ ಜೊತೆಗೇ, ಒಂದೇ ಮಗ್ಗುಲಿಗೆ ಮಲಗಿಸಿಕೊಳ್ಳಬೇಕು. ಎಂಜಿನ್ನು ಮುನಿಸಿಕೊಂಡು ಹಿಂದಕ್ಕೆ ಒದ್ದರೆ ಹ್ಯಾಂಡಲ್ ಕೈಬಿಟ್ಟು ಹೋಗಲಿ, ಹೆಬ್ಬೆರಳು ಅದರ ಜೊತೆ ಹೋಗದಿರಲಿ ಅಂತ. ಇದನ್ನು ನನಗೆ ಕಲಿಸಿದವನು ನಮ್ಮ ಗ್ಯಾರೇಜ್ ಮೇಸ್ತ್ರಿ. ಬಾಯಿಪಾಠ ಮಾಡಿಸಲಿಲ್ಲ, ತನ್ನ ಬಲಗೈ ಹೆಬ್ಬೆರಳು ತೋರಿಸಿದ. ಶುಂಠಿ ಬೇರಿನ ಹಾಗೆ ಸೊಟ್ಟಗಿತ್ತು. ನಿಮ್ಮ ಕಸುಬಿನವರು ಬೆತ್ತ ಹಿಡಿದು ಕಲಿಸುವುದನ್ನು ಮೇಸ್ತ್ರಿಗಳು ಬೆರಳು ತೋರಿಸಿ ಕಲಿಸಿಬಿಡುತ್ತಾರೆ. ಮೇಷ್ಟ್ರಿಗೂ ಮೇಸ್ತ್ರಿಗೂ ಒಂದಕ್ಷರದ ವ್ಯತ್ಯಾಸ ಅಷ್ಟೇ, ಬೇಜಾರು ಮಾಡ್ಕೋಬೇಡಿ.

ಈ ಹ್ಯಾಂಡಲ್ ಅಂಬಾಸಡರಿನದು. ಆದರೆ ಕಥೆ ಶುರುವಾಗುವುದು ಹೆರಾಲ್ಡಿನಿಂದ. 1978ರಲ್ಲಿ ನಾನು ಇದೇ ಹಾಸನದಲ್ಲಿ ವಿಮಾ ಏಜೆಂಟ. ಸೈಕಲ್ಲಿನಿಂದ ಇಳಿದು 'ನಾಳೆ ತಮಗೇನಾದರೂ ಆದರೆ' ಎಂದು ಮಾತು ತೆಗೆದರೆ ಕಾಫಿ ತೋಟದ ಧಣಿಗಳು ಜಗಲಿಯಿಂದಲೇ ಬೀಳ್ಕೊಡುತ್ತಿದ್ದರು. ಅದೇ ಮಾತನ್ನು ಕಾರಿನಿಂದ ಇಳಿದು ಹೇಳಿದರೆ ಒಳಗೆ ಕರೆದು ಕೂರಿಸುತ್ತಾರಂತೆ ಎಂದು ಯಾರೋ ಹೇಳಿದರು. ಸರಿ, ಸಕಲೇಶಪುರದ ಕಡೆಯ ಸಾಹುಕಾರರೊಬ್ಬರು ಓಡಿಸಿ ಓಡಿಸಿ ಬೇಸತ್ತ ಸ್ಟ್ಯಾಂಡರ್ಡ್ ಹೆರಾಲ್ಡ್ ನನ್ನ ಪಾಲಿಗೆ ಬಂತು. ಮದರಾಸಿನಲ್ಲಿ ತಯಾರಾದದ್ದು, ಎರಡೇ ಬಾಗಿಲು. ಬಾನೆಟ್ ಎತ್ತಿದರೆ ಬರೀ ಬಾನೆಟ್ ಏಳುತ್ತಿರಲಿಲ್ಲ. ದೀಪ, ಮಡ್‌ಗಾರ್ಡು, ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು. ಮೇಸ್ತ್ರಿಗೆ ಅದೊಂದು ಸುಖ. ಮುಂದಿನ ಚಕ್ರದ ಮೇಲೆ ಮಣೆ ಹಾಕಿಕೊಂಡವನಂತೆ ಕೂತು, ಬೀಡಿ ಕಚ್ಚಿಕೊಂಡು ಪ್ಲಗ್ ಉಜ್ಜುತ್ತಿದ್ದ. ಪ್ಲಗ್ಗು ನಮ್ಮ ಆಡುಗೋಡಿಯ ಮೈಕೋದ್ದು. ಮರಳು ಕಾಗದದಲ್ಲಿ ಉಜ್ಜಿ, ಊದಿ, ಬಿಸಿಲಿಗೆ ಹಿಡಿದು ನೋಡುವಾಗ ಅವನ ಮುಖ ವಜ್ರ ಪರೀಕ್ಷೆ ಮಾಡುವ ಶೆಟ್ಟರ ಮುಖದಂತಿರುತ್ತಿತ್ತು.

ಎರಡೇ ಬಾಗಿಲು ಅಂದೆನಲ್ಲ, ಹಿಂದೆ ಕೂರುವವರು ಮುಂದಿನ ಸೀಟು ಮಡಿಸಿ ನುಸುಳಬೇಕಿತ್ತು. ನಮ್ಮ ಅಜ್ಜಿಯನ್ನು ದೀಪಾವಳಿ ಸಮಯದಲ್ಲಿ ಹಾಸನಾಂಬೆ ದರ್ಶನಕ್ಕೆ ಕರೆದುಕೊಂಡು ಹೊರಟೆ. ಹತ್ತಿಸುವುದು ಹೇಗೋ ಆಯಿತು. ಇಳಿಸುವಾಗ ಸೀಟಿನ ಕೊಕ್ಕೆ ಸಿಕ್ಕಿಕೊಂಡಿತು. ಒಳಗೆ ಅಜ್ಜಿ, ಹೊರಗೆ ನಾವು, ಸುತ್ತ ಜನ. ಅಜ್ಜಿ ಗಾಜಿನಿಂದಲೇ ಗುಡಿಯ ಕಡೆಗೆ ಕೈಮುಗಿದು, 'ಹಾಸನಾಂಬೆಯಾದರೂ ವರ್ಷಕ್ಕೊಂದು ಸಲ ಬಾಗಿಲು ತೆಗೀತಾಳೆ, ನಿನ್ನ ಕಾರಿಗೆ ಹಿಂದೆ ಬಾಗಿಲೇ ಇಲ್ವಲ್ಲೋ!' ಅಂದಳು. ಆ ಮಾತು ಊರಲ್ಲಿ ನನಗಿಂತ ಮೊದಲು ಓಡಾಡಿಬಿಟ್ಟಿತು.

ಆದರೆ ಹೆರಾಲ್ಡು ತಿರುಗುವ ಚೆಂದ ನೋಡಬೇಕಿತ್ತು ಮೇಷ್ಟ್ರೇ! 25 ಅಡಿ ಜಾಗ ಕೊಟ್ಟರೆ ಬುಗುರಿಯಂತೆ ಸುತ್ತಿಬಿಡುತ್ತಿತ್ತು. ಓಣಿಯೊಳಗೆ ನುಗ್ಗಿದ ಮೇಲೆ ಪಾಲಿಸಿ ಬೇಡ ಅಂದವರ ಮನೆ ಮುಂದೆ ಹಿಮ್ಮುಖವಾಗಿ ಮುಜುಗರಪಡುತ್ತಾ ಬರುವ ಕಷ್ಟವಿಲ್ಲ. ಬಂದ ಗತ್ತಿನಲ್ಲೇ ತಿರುಗಿ ಹೊರಡಬಹುದಿತ್ತು.

ಇನ್ನು ನನ್ನ ಜಿಪುಣತನದ ವಿಷಯ. ಬ್ಯಾಟರಿ ಸತ್ತು ಎಷ್ಟೋ ತಿಂಗಳಾಗಿತ್ತು. ಹೊಸದು ಕೊಳ್ಳಲು ಮನಸ್ಸು ಬರಲಿಲ್ಲ. ಡಿಸ್ಟಿಲ್ಡ್ ವಾಟರ್ ಕುಡಿಸಿ ಕುಡಿಸಿ, ಐಸಿಯುನಲ್ಲಿಟ್ಟ ಮುದುಕನಂತೆ ನೋಡಿಕೊಂಡೆ. ಸೆಲ್ಫ್ ಹೊಡೆದರೆ 'ಕುಯ್ಯೋ' ಎಂದು ಒಮ್ಮೆ ನರಳಿ ಸುಮ್ಮನಾಗುತ್ತಿತ್ತು. ಹಾಗಾಗಿ ಬಾಡಿಗೆ ಮನೆ ಹುಡುಕುವಾಗ ಜನ ನೀರು ನೋಡಿದರೆ, ಗಾಳಿ ಬೆಳಕು ನೋಡಿದರೆ, ನಾನು ನೋಡಿದ್ದು ಇಳಿಜಾರು. ಬೀದಿಯಲ್ಲಿ ನಿಂತು ನೆಲಕ್ಕೆ ಕಣ್ಣು ನೆಟ್ಟು ಅಳತೆ ಹಾಕುತ್ತಿದ್ದರೆ ಮನೆ ಮಾಲೀಕರು, ಚರಂಡಿ ನೀರು ಹರಿಯುತ್ತೋ ಇಲ್ಲವೋ ಅಂತ ನೋಡುವ ಬಲು ಅಚ್ಚುಕಟ್ಟಿನ ಮನುಷ್ಯ ಅಂದುಕೊಂಡು ಅಡ್ವಾನ್ಸಿನಲ್ಲಿ ರಿಯಾಯಿತಿ ಕೊಟ್ಟರು! ದಿನಾ ಬೆಳಗ್ಗೆ ಚಕ್ರಕ್ಕೆ ಕೊಟ್ಟ ಕಲ್ಲು ತೆಗೆಯುವುದು, ಕೀ ಆನ್ ಮಾಡುವುದು, ಎರಡನೇ ಗೇರಿಗೆ ಹಾಕಿ ಕ್ಲಚ್ ಒತ್ತಿಕೊಂಡು ಜಾರುವುದು. ಬೀದಿಯ ಕೊನೆಯ ಅರಳಿ ಮರ ಬರುವಷ್ಟರಲ್ಲಿ ಕ್ಲಚ್ ಬಿಟ್ಟರೆ ಒಂದು ಜಗ್ಗು, ಒಂದು ಕೆಮ್ಮು, ಆಮೇಲೆ ಜೀವ. ಅರಳಿ ಮರ ದಾಟಿದರೂ ಜೀವ ಬರದಿದ್ದರೆ?

ಬರದಿದ್ದರೆ ಕತ್ತು ಹೊರಗೆ ಹಾಕಿ ಆ ಮಂತ್ರ ಹೇಳುವುದು. 'ಸ್ವಲ್ಪ ತಳ್ತೀರಾ ಸಾರ್?'

ಇಲ್ಲ ಅಂದವರನ್ನು ನಾನು ಕಂಡಿಲ್ಲ. ಹೋಟೆಲಿನ ಸಪ್ಲೈಯರ್, ಕಾಲೇಜು ಹುಡುಗರು, ಹಾಲಿನ ಕ್ಯಾನು ಕೆಳಗಿಟ್ಟು ಬರುತ್ತಿದ್ದ ಗೌಡರು, ಎಲ್ಲರೂ ಬರುವವರೇ. ಎದುರುಮನೆಯಲ್ಲಿ ಕೋರ್ಟ್ ಗುಮಾಸ್ತರೊಬ್ಬರಿದ್ದರು. ಒಂಬತ್ತೂ ನಲವತ್ತಕ್ಕೆ ಸರಿಯಾಗಿ ಹೊರಗೆ ಬಂದು, ಕರ್ಚೀಫು ಬಿಡಿಸಿ ಅಂಗೈಗೆ ಹಾಸಿಕೊಂಡು, ಡಿಕ್ಕಿಯ ಎಡಮೂಲೆಯಲ್ಲಿ ನಿಲ್ಲುತ್ತಿದ್ದರು. ಬೇರೆ ಯಾರಾದರೂ ಆ ಮೂಲೆ ಹಿಡಿದರೆ ಅವರಿಗೆ ಸಿಟ್ಟು. ತಳ್ಳುವುದರಲ್ಲೂ ಒಂದು ಮರ್ಯಾದೆ ಇತ್ತು ನೋಡಿ. ಕಾರು ಹತ್ತಿಕೊಂಡ ಮೇಲೆ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಮತ್ತೆ ಸತ್ತೀತು. ಹಾಗಾಗಿ ಹೊಗೆಯೊಳಗೆ ನಿಂತ ಉಪಕಾರಿಗಳಿಗೆ ಕಿಟಕಿಯಿಂದ ಕೈ ಬೀಸಿ ಪರಾರಿಯಾಗುವುದು. ಸಂಜೆ ಹುಡುಕಿಕೊಂಡು ಹೋಗಿ ಬೈಟೂ ಕಾಫಿ ಕುಡಿಸುವುದು. ಕಾಫಿ ಅಂದಮೇಲೆ ಮಾತು, ಮಾತು ಅಂದಮೇಲೆ ಮನೆ ಮಕ್ಕಳ ಸಮಾಚಾರ, ಅಲ್ಲಿಂದ ಪಾಲಿಸಿಗೆ ಎಷ್ಟು ದೂರ ಹೇಳಿ? ಧಣಿಗಳಿಗೆ ತೋರಿಸಲೆಂದು ಕೊಂಡ ಕಾರು ಅದು. ಆದರೆ ಆ ನಾಲ್ಕು ವರ್ಷದಲ್ಲಿ ನನ್ನಿಂದ ಪಾಲಿಸಿ ಮಾಡಿಸಿದವರ ಪಟ್ಟಿ ತೆಗೆದರೆ ಅರ್ಧಕ್ಕರ್ಧ ಜನ ಕಾರಿನೊಳಗೆ ಕೂತವರಲ್ಲ, ಹಿಂದೆ ನಿಂತು ತಳ್ಳಿದವರು.

ನಾಲ್ಕು ವರ್ಷ ಅಂದೆನೇ? ಲೆಕ್ಕ ತಪ್ಪಿತು. ಎರಡೇ ವರ್ಷ ಹೆರಾಲ್ಡು, ಉಳಿದದ್ದು ಅಂಬಾಸಡರಿನ ಖಾತೆ. 1980ರ ಕೊನೆಗೆ ಬಂದ ಹಳೆಯ ಮಾರ್ಕ್ 2. ಅದರ ಗಾತ್ರ ನೆನಪಿದೆಯಲ್ಲ? ಕಾರಲ್ಲ, ಚಕ್ರ ಹಚ್ಚಿದ ಪಡಸಾಲೆ. ಮುಂದೆಯೂ ಒಂದೇ ಉದ್ದನೆಯ ಸೀಟು. ಗೇರು ಸ್ಟೀರಿಂಗಿನ ಮಗ್ಗುಲಲ್ಲೇ ಇದ್ದುದರಿಂದ ನೆಲ ಪೂರ್ತಿ ಖಾಲಿ, ಇನ್ನೊಬ್ಬರಿಗೆ ಜಾಗ ಮಾಡಿಕೊಡಲು ದಾಕ್ಷಿಣ್ಯವೇ ಇಲ್ಲ. ಮರುವರ್ಷ, 1981ರ ಫೆಬ್ರವರಿಯಲ್ಲಿ, ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ. ಬಾಹುಬಲಿಗೆ ಸಾವಿರ ವರ್ಷದ ಸಂಭ್ರಮ, ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಿಂದ ಹೂಮಳೆ ಸುರಿದ ವರ್ಷ ಅದು. ನಮ್ಮ ಅಂಬಾಸಡರಿನಲ್ಲಿ 11 ಜನ ಹೊರಟೆವು. ಚಿತ್ರಾನ್ನದ ಡಬರಿ ಹನ್ನೆರಡನೆಯದು. ಗಾಡಿ ಓಡಿಸುವ ನಾನು ಬಾಗಿಲಿಗೆ ಅಂಟಿಸಿದ ಕ್ಯಾಲೆಂಡರಿನ ಹಾಗಿದ್ದೆ. ರಾತ್ರಿ ವಾಪಸ್ ಬರುವಾಗ ಇನ್ನೊಂದು ಫಜೀತಿ. ಎದುರಿನ ಗಾಡಿಗೆ ದೀಪ ಡಿಮ್ ಮಾಡುವ ಬಟನ್ನು ಆ ಕಾರಿನಲ್ಲಿ ಇದ್ದದ್ದು ನೆಲದ ಮೇಲೆ, ಎಡಗಾಲಿಗೆ. ಆ ಬಟನ್ನಿನ ಮೇಲೆ ನಮ್ಮ ಭಾವಮೈದುನನ ಪಾದ ನಿದ್ದೆ ಹೋಗಿತ್ತು. ಲಾರಿ ಬಂದಾಗಲೆಲ್ಲ ಅವನ ಕಾಲನ್ನು ಚಿವುಟಿ ಡಿಮ್ ಮಾಡಿಸುತ್ತಾ ಹಾಸನ ಸೇರಿದೆವು.

ಡಿಕ್ಕಿ ಅಂದೆನಲ್ಲ ಆಗ, ಈ ಪದದ ತಮಾಷೆ ಗಮನಿಸಿದ್ದೀರಾ? ನೀವು ಕನ್ನಡ ಮೇಷ್ಟ್ರು, ಹೇಳಿ. ಕಾರಿನ ಹಿಂದೆ ಇರುವುದೂ ಡಿಕ್ಕಿ, ಕಾರು ಮುಂದೆ ಹೊಡೆಯುವುದೂ ಡಿಕ್ಕಿ. 'ಡಿಕ್ಕಿಗೆ ಡಿಕ್ಕಿ' ಎಂದು ಪತ್ರಿಕೆಯವರು ಇನ್ನೂ ಯಾಕೆ ಬರೆದಿಲ್ಲವೋ! ಅದರೊಳಗೆ ಮಲಗಿರುವ ಸ್ಟೆಪ್ನಿ ಇನ್ನೂ ವಿಚಿತ್ರ. ಅಚ್ಚಕನ್ನಡದ ಪದ ಅನ್ನುವಷ್ಟು ನಮ್ಮ ಹಳ್ಳಿಯ ಟ್ರ್ಯಾಕ್ಟರ್ ಹುಡುಗರ ಬಾಯಲ್ಲಿ ಪಳಗಿದೆ. ನೋಡಿದರೆ ಅದು ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಒಂದು ಬೀದಿಯ ಹೆಸರು. ಲನೆಲ್ಲಿ ಅನ್ನುವ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಎಂಬ ಅಣ್ಣತಮ್ಮಂದಿರು 1904ರ ಸುಮಾರಿಗೆ ಬಿಡಿಚಕ್ರ ಮಾಡಿ ಮಾರಿದರು. ನಮಗೆ ಬೀದಿಯ ಹೆಸರೇ ಚಕ್ರದ ಹೆಸರಾಗಿ ಉಳಿಯಿತು. ಹಾಗೆ ನೋಡಿದರೆ ನನ್ನ ಹೆರಾಲ್ಡನ್ನು ತಳ್ಳಿದ ನಮ್ಮ ಇಳಿಜಾರು ಬೀದಿಯ ಹೆಸರನ್ನೂ ಯಾವುದಾದರೂ ಬ್ಯಾಟರಿಗೆ ಇಡಬೇಕಿತ್ತು, ಅಲ್ವಾ?

ಎಲ್ಲಿದ್ದೆವು? ಹಾಂ, ಅಂಬಾಸಡರ್ ಆದಮೇಲೆ ಫಿಯಟ್. ಪ್ರೀಮಿಯರ್ ಪದ್ಮಿನಿ ಅಂತ ಬಾಯ್ತುಂಬ ಹೆಸರಿಟ್ಟರೂ ಫಿಯಟ್ ಅನ್ನುವುದನ್ನು ಯಾರೂ ಬಿಡಲಿಲ್ಲ. ಮದುವೆಯಾಗಿ ಬಂದ ಸೊಸೆಗೆ ಹೊಸ ಹೆಸರಿಟ್ಟರೂ ತವರಿನವರು ಹಳೇ ಹೆಸರಲ್ಲೇ ಕೂಗುತ್ತಾರಲ್ಲ, ಹಾಗೆ. 1986ರಲ್ಲಿ ಕೊಂಡೆ. ಬಣ್ಣ ಬೆಣ್ಣೆಯದು, ಮನೆಯವಳ ಆಯ್ಕೆ. ಆ ಕಾರಿನಲ್ಲೇ ಒಂದು ಆಷಾಢದಲ್ಲಿ ಸೋದರತ್ತೆಯನ್ನು ಕೂರಿಸಿಕೊಂಡು ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೊರಟದ್ದು. ಆಷಾಢದಲ್ಲಿ ಶಿರಾಡಿ ಅಂದರೆ ಗೊತ್ತಲ್ಲ, ಮೇಲಿಂದ ಬಿಂದಿಗೆಯಲ್ಲಲ್ಲ, ಹಂಡೆಯಲ್ಲಿ ಸುರಿಯುತ್ತದೆ. ವೈಪರಿನ ರಬ್ಬರು ಸವೆದಿತ್ತು, ಹಾಕಿಸಬೇಕು ಅಂತ ಮೂರು ಸಲ ಅಂದುಕೊಂಡಿದ್ದೆ. ಅಂದುಕೊಂಡದ್ದಷ್ಟೇ. ಮಾರನಹಳ್ಳಿ ದಾಟುತ್ತಿದ್ದಂತೆ ಗಾಜಿನ ಮುಂದೆ ಏನೂ ಕಾಣದು. ಬದಿಗೆ ನಿಲ್ಲಿಸಿದೆ. ಪಕ್ಕದಲ್ಲಿ ನಿಂತ ಲಾರಿಯವನು ಇಣುಕಿ ನೋಡಿ, 'ಹೊಗೆಸೊಪ್ಪಿದ್ರೆ ಉಜ್ಜಿ ಸಾರ್' ಅಂದ.

ಕಾರಿನಲ್ಲಿದ್ದವರಲ್ಲಿ ಹೊಗೆಸೊಪ್ಪು ಇದ್ದದ್ದು ಒಬ್ಬರ ಹತ್ತಿರ. ಅತ್ತೆಯ ಎಲೆಯಡಿಕೆ ಸಂಚಿಯೊಳಗಿನ ಸಣ್ಣ ಡಬ್ಬಿಯಲ್ಲಿ. ಧರ್ಮಸ್ಥಳ ಮುಟ್ಟಿ ಬರುವ ತನಕ ಸಾಕಾಗಲಿ ಎಂದು ಎಣಿಸಿ ತಂದದ್ದು. ಅತ್ತೆ ಡಬ್ಬಿ ನೋಡಿದಳು, ಗಾಜು ನೋಡಿದಳು, ಕೆಳಗಿನ ಪ್ರಪಾತ ನೋಡಿದಳು. 'ಅರ್ಧ ಮಾತ್ರ' ಅಂದಳು. ನೀರು ಸೋಕಿಸಿ ಗಾಜಿಗೆ ಉಜ್ಜಿದೆ. ಪವಾಡ ಕಣ್ರೀ! ಹನಿಹನಿಯಾಗಿ ಕೂತು ಕಣ್ಣು ಕಟ್ಟುತ್ತಿದ್ದ ನೀರು ತೆಳ್ಳಗೆ ಪೊರೆಯಂತೆ ಹರಡಿ ಜಾರತೊಡಗಿತು, ರಸ್ತೆ ಕಂಡಿತು. ಗುಂಡ್ಯ ತಲುಪುವುದರೊಳಗೆ ಉಳಿದರ್ಧವನ್ನೂ ಉಜ್ಜಿಯಾಗಿತ್ತು. ಆಮೇಲೆ ಎರಡು ದಿನ ಅತ್ತೆಗೆ ಹೊಗೆಸೊಪ್ಪಿಲ್ಲ. ದೇವರ ಮುಂದೆ ನಿಂತಾಗಲೂ ಅವಳ ಮುಖ ನನ್ನ ಕಡೆಗೇ ಇತ್ತು.

ವಾಪಸ್ ಘಾಟಿ ಹತ್ತುವಾಗ ಬಿಸಿಲು, ಮುಂದೆ ಆಮೆಯಂತೆ ಸಾಗುವ ಲಾರಿಗಳ ಸಾಲು. ಎಂಜಿನ್ನು ಕಾದು ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಗಾಡಿ ನಿಂತಿತು. ಆಗಿನ ಕಾರುಗಳಲ್ಲಿ ಅದು ಮಾಮೂಲು, ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಜ್ವರದ ಮಗುವಿನ ಹಣೆ ನೋಡಿದಂತೆ ಮುಟ್ಟಿ ಮುಟ್ಟಿ ನೋಡುತ್ತಾ ಕಾಯುವುದು. ಅಷ್ಟರಲ್ಲಿ ಕೆಳಗೆ ಇನ್ನೊಂದು ಪತ್ತೆಯಾಯಿತು. ನಾನೇ ಎಲ್ಲೋ ಕಲ್ಲಿಗೆ ತಾಗಿಸಿಕೊಂಡು ರೇಡಿಯೇಟರು ಸೋರುತ್ತಿತ್ತು. ಅದಕ್ಕೂ ಮದ್ದು ಅತ್ತೆಯ ಚೀಲದಲ್ಲೇ. ಅರಿಶಿನದ ಪುಡಿ! ಹಾಕಿ ನೀರು ತುಂಬಿದರೆ ಸಣ್ಣ ತೂತಿಗೆ ಹೋಗಿ ಕೂತು ಊರು ಸೇರಿಸುತ್ತದೆ. ಮೈಗೆ ಗಾಯವಾದರೂ ಅರಿಶಿನ, ರೇಡಿಯೇಟರಿಗೆ ಗಾಯವಾದರೂ ಅರಿಶಿನ. 'ನನ್ನ ಸಂಚಿ ಇಲ್ದಿದ್ರೆ ನಿನ್ನ ಕಾರು ಯಾವ ಸೀಮೆಯದೋ' ಎಂದು ಅತ್ತೆ ಸಾಯುವ ತನಕ ಹೇಳಿದಳು. ನಿಜವೇ. ಈಗ ನಿಮ್ಮ ಕಾರಿಗೆ ಅತ್ತೆಯಿಂದೇನಾದರೂ ಉಪಯೋಗವಿದೆಯೇ? ಬೆಲ್ಟ್ ಹಾಕಿಕೊಳ್ಳಿ ಅಂತ ಕುಯ್ಯಿಗುಟ್ಟುವುದಕ್ಕೆ ಬಿಟ್ಟರೆ ಹಿಂದೆ ಯಾರು ಕೂತಿದ್ದಾರೆ ಅಂತಲೂ ಅದು ಕೇಳುವುದಿಲ್ಲ.

ಆಮೇಲೆ ಮಾರುತಿ ಬಂತು. ದೇಶಕ್ಕೆ ಬಂದದ್ದು 1983ರ ಡಿಸೆಂಬರಿನಲ್ಲಿ. ₹10,000 ಕಟ್ಟಿ ಹೆಸರು ಬರೆಸಿ ಲಾಟರಿಯಲ್ಲಿ ನಂಬರು ಬರಲಿ ಎಂದು ಜನ ದೇವರಿಗೆ ಹರಕೆ ಹೊತ್ತ ಕಾಲ. ನಮ್ಮ ಮನೆಗೆ ಬಂದದ್ದು 1994ರಲ್ಲಿ. ಅಂಬಾಸಡರ್ ಅಭಿಮಾನಿಗಳು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾಗಿಲು ತಟ್ಟಿ, 'ಬೆಂಕಿಪೊಟ್ಟಣ' ಎಂದು ತೀರ್ಪು ಕೊಟ್ಟರು. ಕೀ ತಿರುಗಿಸಿದೆ. ಅಷ್ಟೇ, ಹತ್ತಿಕೊಂಡಿತು. ಚೋಕ್ ಎಳೆಯುವ ಮೊದಲೇ. ಮಕ್ಕಳು ಕುಣಿದವು, ಮನೆಯವಳು ನಿಂಬೆಹಣ್ಣು ಚಕ್ರಕ್ಕಿಟ್ಟಳು, ನಾನು ಹೊರಟೆ.

ಎದುರುಮನೆಯ ಗುಮಾಸ್ತರು ಕರ್ಚೀಫು ಬಿಡಿಸಿಕೊಂಡು ಗೇಟಿನ ತನಕ ಬಂದಿದ್ದರು. ಕಾರು ಸಲೀಸಾಗಿ ಹೋದದ್ದನ್ನು ನೋಡಿದರು. ಕನ್ನಡಿಯಲ್ಲಿ ನನಗೆ ಕಂಡಿತು, ಕರ್ಚೀಫನ್ನು ನಿಧಾನಕ್ಕೆ ಮಡಿಸಿ ಜೇಬಿಗಿಟ್ಟುಕೊಂಡು ಒಳಗೆ ಹೋದರು. ಮನುಷ್ಯನಿಗೆ ರಿಟೈರ್‌ಮೆಂಟ್ ಆರ್ಡರು ಹೀಗೂ ಬರುತ್ತದೆ ನೋಡಿ. ಅಂಬಾಸಡರಿನ ಹ್ಯಾಂಡಲ್ ಹೊಡೆಯುವಾಗಲೂ ಪಕ್ಕಕ್ಕೆ ನಿಂತು 'ಹೆಬ್ಬೆರಳು, ಹೆಬ್ಬೆರಳು' ಎಂದು ಕೂಗುತ್ತಿದ್ದವರು, ಫಿಯಟ್ಟಿನ ಕಾಲಕ್ಕೂ ವಾರಕ್ಕೆರಡು ದಿನ ಕೆಲಸವಿದ್ದವರು. ಮಾರುತಿ ಬಂದ ಮೇಲೆ ಬೀದಿಯಲ್ಲಿ ನಾವಿಬ್ಬರೂ ನಿಂತು ಮಾತಾಡಿದ್ದೇ ಅಪರೂಪ. ಆ ವರ್ಷ ನನ್ನ ಹೊಸ ಪಾಲಿಸಿಗಳೂ ಇಳಿದವು. ಮೇಲಿನವರು ಕಾರಣ ಬರೆದು ಕೊಡಿ ಅಂದರು. ಏನಂತ ಬರೆಯಲಿ? ಕಾರು ಸರಿಯಾಗಿ ಸ್ಟಾರ್ಟ್ ಆಗುತ್ತಿದೆ ಅಂತಲೇ?

ಒಂದು ದಿನ ಉಪಾಯ ಮಾಡಿದೆ, ಯಾರಿಗೂ ಹೇಳಬೇಡಿ. ಕಾರು ಹತ್ತಿದೆ, ಕೀ ತಿರುಗಿಸಲಿಲ್ಲ. ಕತ್ತು ಹೊರಗೆ ಹಾಕಿ, 'ಸ್ವಲ್ಪ ತಳ್ತೀರಾ ಸಾರ್?' ಅಂದೆ. ಗುಮಾಸ್ತರು ಚಪ್ಪಲಿ ಕೂಡ ಹಾಕಿಕೊಳ್ಳದೆ ಬಂದರು. ಎಡಮೂಲೆ ಹಿಡಿದರು. ಬೆಂಕಿಪೊಟ್ಟಣ ತಾನೇ, ಎರಡೇ ಹೆಜ್ಜೆಗೆ ಓಡಿತು. ಅವರಿಗೆ ಅರ್ಥವಾಗಲಿಲ್ಲ ಅಂತೀರಾ? ಕೋರ್ಟಿನಲ್ಲಿ ಮೂವತ್ತು ವರ್ಷ ಸುಳ್ಳು ಸಾಕ್ಷಿ ಕೇಳಿದ ಮನುಷ್ಯ! ಸಂಜೆ ಬೈಟೂ ಕಾಫಿ ಕುಡಿಯುತ್ತಾ, 'ನಿಮ್ಮ ಹೊಸ ಕಾರಿನ ಬ್ಯಾಟರಿ ಸ್ವಲ್ಪ ನೋಡಿಸಿ' ಅಂದರು, ಮುಖದಲ್ಲಿ ಒಂದೆಳೆ ನಗುವಿಲ್ಲದೆ.

ಆ ಕಾರುಗಳೆಲ್ಲ ಈಗ ಪರಲೋಕವಾಸಿಗಳು. ಮಾರುತಿ 800, ಅಂಬಾಸಡರ್ ಎರಡರ ತಯಾರಿಕೆಯೂ ನಿಂತದ್ದು ಒಂದೇ ವರ್ಷ, 2014ರಲ್ಲಿ. ಜನವರಿಯಲ್ಲಿ ಅದು, ಮೇನಲ್ಲಿ ಇದು. ಸವತಿಯರು ಜಗಳವಾಡಿಕೊಂಡೇ ಬದುಕಿ ಒಂದೇ ವರ್ಷ ಹೋದ ಹಾಗೆ. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಗೆ 2023ರ ಅಕ್ಟೋಬರಿನಲ್ಲಿ 20 ವರ್ಷ ತುಂಬಿ, ಅದೂ ರಸ್ತೆ ಬಿಟ್ಟಿತು. ಪೇಪರಿನಲ್ಲಿ ಓದಿ ಮನೆಯವಳು ಬೆಣ್ಣೆ ಬಣ್ಣವನ್ನು ನೆನೆಸಿಕೊಂಡಳು.

ನನ್ನ ಅಂಬಾಸಡರನ್ನು ಬೇಲೂರಿನ ಟ್ಯಾಕ್ಸಿಯವನೊಬ್ಬ ಕೊಂಡಿದ್ದ. ಹ್ಯಾಂಡಲ್ ನಮ್ಮ ಅಟ್ಟದಲ್ಲೇ ಉಳಿದುಹೋಗಿತ್ತು. ತಿಂಗಳಾದ ಮೇಲೆ ನೆನಪಾಗಿ, ಪಾಪ ಅವನು ಪರದಾಡುತ್ತಿರಬೇಕೆಂದು ಬಸ್ಸಿನಲ್ಲಿ ಹೊತ್ತುಕೊಂಡು ಹೋದೆ. ಕಂಡಕ್ಟರು ಲಗೇಜು ಚಾರ್ಜು ಬೇರೆ ಹಾಕಿದ. ಟ್ಯಾಕ್ಸಿಯವನು ಹಲ್ಲು ಕಿರಿದು, 'ನೀವೇ ಇಟ್ಕೊಳ್ಳಿ ಸಾರ್, ತಗೊಂಡ ದಿನವೇ ಹೊಸ ಬ್ಯಾಟರಿ ಹಾಕಿಸಿಬಿಟ್ಟೆ' ಅಂದ. ಅಷ್ಟು ಸುಲಭವಾಗಿತ್ತು ನೋಡಿ! ಹಾಗೆ ವಾಪಸ್ ಬಂದ ಹ್ಯಾಂಡಲಿಗೆ ಇವತ್ತಿಗೂ ಆಯುಧಪೂಜೆಯಲ್ಲಿ ಕುಂಕುಮ ತಪ್ಪಿಲ್ಲ. ಉಳಿದ ದಿನ ತೊಂಡೆ ಬಳ್ಳಿಯ ಚಾಕರಿ.

ಅಯ್ಯೋ, ಮಾತಾಡುತ್ತಾ ಹೊತ್ತು ಹೋದದ್ದೇ ತಿಳಿಯಲಿಲ್ಲ, ಕುಕ್ಕರ್ ಕೂಗಿ ಆಗಲೇ ಸುಮ್ಮನಾಯಿತು. ಚಪ್ಪರ ನೋಡಿ, ಇನ್ನಷ್ಟು ವಾಲಿ ನಿಮ್ಮ ಕಡೆಗೇ ಮಲಗುತ್ತಿದೆ. ಮೊಮ್ಮಗನಿಗೆ ಹೇಳಿ ಹ್ಯಾಂಡಲ್ ಇತ್ತ ಕೊಡಿಸಿ, ನಾನು ಬುಡಕ್ಕೆ ಕೊಡುತ್ತೇನೆ. ಒಬ್ಬನ ಕೈಲಿ ಆಗುವ ಕೆಲಸವಲ್ಲ ಇದು, ನೀವು ಆ ಕಡೆಯಿಂದ ಸ್ವಲ್ಪ ತಳ್ತೀರಾ ಸಾರ್?